ಅಪ್‌ಡೇಟ್: ಹಳೇ ಮಾರುತಿ 800ರ ಗೇರ್ ಬುಷ್ ಕೊನೆಗೂ ಸಿಕ್ಕಿತು

ಹೋದ ತಿಂಗಳು ಕೇಳಿದ್ದೆನಲ್ಲ, ಅಪ್ಪನ 1998ರ ಮಾರುತಿ 800ರ ಗೇರ್ ಲಿವರ್ ತಂಬುಳಿ ಕಲಕುವ ಸೌಟಿನ ಹಾಗೆ ಆಡುತ್ತಿದೆ, ಅಡಿಯಿಂದ ಒಡೆದ ಪ್ಲಾಸ್ಟಿಕ್ ಚೂರೊಂದು ಉದುರಿದೆ, ಅದರ ಹೆಸರೇನು ಅಂತ? ಅದು ಬುಷ್. ಲಿವರ್‌ನಿಂದ ಗೇರ್‌ಬಾಕ್ಸ್‌ವರೆಗೆ ಕಾರಿನ ಅಡಿಯಲ್ಲಿ ಉದ್ದನೆಯ ರಾಡ್ ಹೋಗುತ್ತದೆ, ಅದರ ಜಾಯಿಂಟ್‌ನಲ್ಲಿ ಕೂರುವುದು ಇದು. ಸವೆದರೆ ಲಿವರ್ ಸಡಿಲ, ಗೇರ್ ಸರಿಯಾಗಿ ಬೀಳುವುದಿಲ್ಲ. ನಾನು ಸುಮ್ನೆ ಗೇರ್‌ಬಾಕ್ಸೇ ಹೋಯ್ತು ಅಂತ ಹೆದರಿದ್ದೆ.

ಶಿರಸಿಯಲ್ಲಿ ಬುಷ್ ಅಂತ ಕೇಳಿದರೆ ಸಸ್ಪೆನ್ಷನ್ ಬುಷ್ ತೋರಿಸುತ್ತಾರೆ, ಇಲ್ಲವೇ "ಆ ಗಾಡಿ ಬಂದ್ ಆಯ್ತಲ್ಲ" ಅನ್ನುತ್ತಾರೆ. (2014ರಲ್ಲೇ ನಿಂತಿದೆ, ನಿಜ.) ನೀವು ಹೇಳಿದಂತೆ ಒಡೆದ ಚೂರನ್ನೇ ಕಿಸೆಯಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ಹೋದೆ. ಅಂಗಡಿಯ ಅಜ್ಜ ಅದನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿ, ಏನೂ ಮಾತಾಡದೆ ಒಳಗಿಂದ ಸಣ್ಣ ಪೊಟ್ಟಣ ತಂದಿಟ್ಟರು. ಅದರ ದರಕ್ಕಿಂತ ನನ್ನ ಬಸ್ ಚಾರ್ಜೇ ಜಾಸ್ತಿ!

ನಮ್ಮೂರಿನ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಹಾಕಿಕೊಟ್ಟ. ನಿನ್ನೆ ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಹೋಗಿ ಬಂದೆವು, ಎರಡನೇ ಗೇರ್ ಒಂದೇ ಸಲಕ್ಕೆ ಬಿತ್ತು. ರಿವರ್ಸ್ ಮಾತ್ರ ಇನ್ನೂ ಸ್ವಲ್ಪ ಗಟ್ಟಿ.