ಮಳೆ ಬಿಡುತ್ತಿಲ್ಲ, ಹೆಂಚಿನ ಮಾಡು ಸೋರುತ್ತಿದೆ: ಈ ರಾತ್ರಿಗೆ ಏನು ಮಾಡಲಿ?

ಪೆರ್ಲದಿಂದ (ರಾತ್ರಿ 7.40)
ನಮ್ಮದು ಹಳೆಯ ಹೆಂಚಿನ ಮನೆ. ಸಂಜೆಯ ಗಾಳಿಗೆ ತೆಂಗಿನ ಮಡಲೊಂದು ಮಾಡಿನ ಮೇಲೆ ಬಿತ್ತು. ಆಗಿನಿಂದ ಚಾವಡಿಯ ನಡುವೆಯೇ ಸೋರುತ್ತಿದೆ. ಒಂದು ಕೊಡಪಾನ ಅರ್ಧ ಗಂಟೆಗೆ ತುಂಬುತ್ತದೆ. ಟಾರ್ಚ್ ಹಾಕಿ ನೋಡಿದರೆ ನೀರು ಬೀಳುವಲ್ಲಿಗೆ ನೇರ ಮೇಲಿರುವ ಹೆಂಚುಗಳೆಲ್ಲ ಗಟ್ಟಿಯಾಗಿಯೇ ಇವೆ. ಕೆಲಸದವರಿಗೆ ಫೋನ್ ಮಾಡಿದರೆ ಮಳೆ ಬಿಡಲಿ ಎನ್ನುತ್ತಾರೆ. ಆಟಿ (ಜೋರು ಮಳೆಯ ತುಳು ತಿಂಗಳು) ಮುಗಿಯುವವರೆಗೆ ಕಾಯಬೇಕೇ? ಮನೆಯಲ್ಲಿ ಅರ್ಧ ಚೀಲ ಸಿಮೆಂಟ್ ಇದೆ. ಏಣಿ ಇಟ್ಟು ಹತ್ತಲೇ?

ಬಾಯಾರಿನಿಂದ
ಹತ್ತಬೇಡಿ ಭಾವ. ಪಾಚಿ ಹಿಡಿದ ಹೆಂಚು, ಮೇಲಿಂದ ಮಿಂಚು, ಸಾಲದ್ದಕ್ಕೆ ಕತ್ತಲೆ. ನೀವು ಕಾಲಿಟ್ಟಲ್ಲಿ ಇನ್ನೂ ನಾಲ್ಕು ಹೆಂಚು ಒಡೆಯುತ್ತವೆ. ಸಿಮೆಂಟಿನ ಚೀಲವನ್ನು ಮುಟ್ಟಲೇಬೇಡಿ. ಸುರಿಯುವ ಮಳೆಯಲ್ಲಿ ಅದು ತೊಳೆದು ಹೋಗುತ್ತದೆ. ಹೇಗೋ ಹಿಡಿದುಕೊಂಡರೂ ಮುಂದೆ ಆ ಹೆಂಚನ್ನು ಒಡೆಯದೆ ತೆಗೆಯಲು ಆಗುವುದಿಲ್ಲ.
ಮೊದಲು ಒಂದು ಪ್ರಶ್ನೆ. ಚಾವಡಿಯ ಬಲ್ಬಿನ ವಯರು ಪಕ್ಕಾಸಿಗುಂಟ (ಮಾಡಿನ ಇಳಿಜಾರಿಗೆ ಹಾಕಿದ ಮರದ ಉದ್ದಕ್ಕೆ) ಹೋಗಿದೆಯೇ? ಹೋಗಿದ್ದರೆ ಮೈನ್ ಸ್ವಿಚ್ ಆರಿಸಿ ಬನ್ನಿ. ಉಳಿದದ್ದು ಆಮೇಲೆ.

ಪೆರ್ಲದಿಂದ
ಆರಿಸಿದೆ. ವಯರು ಒದ್ದೆಯಾಗಿಯೇ ಇತ್ತು. ಈಗ ಟಾರ್ಚಿನ ಬೆಳಕು.

ಮುಳ್ಳೇರಿಯದಿಂದ
ರಬ್ಬರ್ ಮರಕ್ಕೆ ಮಳೆಗಾಲದ ಪ್ಲಾಸ್ಟಿಕ್ ಕಟ್ಟುವಾಗ ಬಳಿಯುವ ಕರಿ ಅಂಟು ಉಳಿದಿದ್ದರೆ ಒಡಕಿಗೆ ಮೆತ್ತಿ ನೋಡಿ.

ಬಾಯಾರಿನಿಂದ
ಅಣ್ಣ, ಮರಕ್ಕೆ ಬಳಿಯುವಾಗಲೂ ತೊಗಟೆ ಒಣಗಿರಬೇಕಲ್ಲವೇ? ನೀರು ಹರಿಯುವ ಹೆಂಚಿಗೆ ಅದು ಎಲ್ಲಿ ಹಿಡಿಯುತ್ತದೆ? ಕೈಗೆ ಮಾತ್ರ ಚೆನ್ನಾಗಿ ಹಿಡಿಯುತ್ತದೆ, ಎರಡು ದಿನ ಸೀಮೆಎಣ್ಣೆ ಹಾಕಿ ಉಜ್ಜಬೇಕು.
ಪೆರ್ಲದವರೇ, ನೀರು ಬೀಳುವ ಜಾಗವನ್ನು ನಂಬಬೇಡಿ. ಒಡಕಿನಿಂದ ಒಳಗೆ ಬಂದ ನೀರು ಪಕ್ಕಾಸಿನ ಅಡಿಗೆ ಅಂಟಿಕೊಂಡು ಕೆಳಗೆ ಹರಿಯುತ್ತದೆ. ಎಲ್ಲಿ ಗಂಟೋ ಮೊಳೆಯೋ ಸಿಕ್ಕಿತೋ ಅಲ್ಲಿ ತೊಟ್ಟಿಕ್ಕುತ್ತದೆ. ಅಟ್ಟ ಹತ್ತಿ, ಬೀಳುವ ಜಾಗದಿಂದ ಮೋಂತಾಯದ (ಮಾಡಿನ ನೆತ್ತಿಯ) ಕಡೆಗೆ ಪಕ್ಕಾಸನ್ನು ಬೆರಳಿನಲ್ಲಿ ಸವರುತ್ತಾ ಹೋಗಿ. ಎಲ್ಲಿಂದ ಮೇಲೆ ಮರ ಒಣಗಿದೆಯೋ ಅದರ ಆಸುಪಾಸಿನಲ್ಲೇ ಕಳ್ಳ ಇದ್ದಾನೆ.

ಪೆರ್ಲದಿಂದ (8.25)
ಸಿಕ್ಕಿತು! ಬೀಳುವ ಜಾಗದಿಂದ ಸರಿಯಾಗಿ ಐದಡಿ ಮೇಲೆ. ಒಂದು ಹೆಂಚು ಅಡ್ಡಕ್ಕೆ ಎರಡು ತುಂಡು. ಅಟ್ಟದಲ್ಲಿ ನಿಂತರೆ ಕೈಗೆ ಎಟಕುತ್ತದೆ. ಬದಲಿ ಹೆಂಚು ಇಲ್ಲ.

ಬಾಯಾರಿನಿಂದ
ಅಡಿಕೆ ತೋಟದವರು ಹಾಳೆ (ಅಡಿಕೆ ಸೋಗೆಯ ಬುಡದ ಅಗಲ ಭಾಗ) ಇಲ್ಲ ಎಂದು ಹೇಳಬೇಡಿ. ಮುಟ್ಟಾಳೆ (ಹಾಳೆಯ ಟೊಪ್ಪಿ) ಇಟ್ಟು ಗದ್ದೆಗೆ ಇಳಿದವರಿಗೆ ಹಾಳೆ ಮಳೆ ತಡೆಯುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಅಗಲವಾದದ್ದೊಂದನ್ನು ಹತ್ತು ನಿಮಿಷ ನೀರಿನಲ್ಲಿ ಹಾಕಿಡಿ, ಒಣಗಿದ ಹಾಳೆ ಬಗ್ಗಿಸಿದರೆ ಸೀಳುತ್ತದೆ. ಹೆಂಚು ಸುಮಾರು 16 ಅಂಗುಲ ಉದ್ದ. ಹಾಳೆ ಎರಡಡಿ ಇರಲಿ. ಗೆರೆಗಳು ಇಳಿಜಾರಿನ ದಿಕ್ಕಿಗೆ, ಗುಳಿ ಮೇಲಕ್ಕೆ, ದೋಣಿಯ ಹಾಗೆ.
ಒಡೆದ ತುಂಡುಗಳನ್ನು ಒಳಗೆ ತೆಗೆದುಕೊಳ್ಳಿ. ಹೆಂಚು ರೀಪಿಗೆ (ಪಕ್ಕಾಸಿನ ಮೇಲಿನ ಅಡ್ಡಪಟ್ಟಿಗೆ) ಕೊಕ್ಕೆ ಹಾಕಿ ಕೂತಿದೆ ಅಷ್ಟೆ, ಮೆಲ್ಲಗೆ ಎತ್ತಿದರೆ ಬರುತ್ತದೆ. ಇನ್ನು ಮುಖ್ಯವಾದ ಮಾತು: ಹಾಳೆಯ ಮೇಲಿನ ತುದಿ ಮೇಲಿನ ಸಾಲಿನ ಹೆಂಚಿನ ಅಡಿಗೆ, ಕೆಳಗಿನ ತುದಿ ಕೆಳಗಿನ ಸಾಲಿನ ಹೆಂಚಿನ ಮೇಲಕ್ಕೆ. ಮೇಲಿನ ತುದಿಗೆ ತೂತು ಮಾಡಿ ರೀಪಿಗೆ ಬಿಗಿದು ಕಟ್ಟಿ, ಇಲ್ಲದಿದ್ದರೆ ಮುಂದಿನ ಗಾಳಿಗೆ ಜಾರಿ ಅಂಗಳಕ್ಕೆ ಬೀಳುತ್ತದೆ.

ಪೆರ್ಲದಿಂದ (9.15)
ಹಾಕಿದೆ, ಮೊದಲಿಗಿಂತ ಜೋರಾಗಿ ಸೋರುತ್ತಿದೆ!

ಬಾಯಾರಿನಿಂದ
ಕೆಳಗಿನ ತುದಿ ಎಲ್ಲಿದೆ?

ಪೆರ್ಲದಿಂದ (9.40)
ಒಳಗೇ ಇತ್ತು. ಎರಡೂ ತುದಿಗಳನ್ನು ಹೆಂಚಿನ ಅಡಿಗೆ ತುರುಕಿದ್ದೆ. ಮಾಡಿನ ನೀರನ್ನೆಲ್ಲ ದಂಬೆ (ಅಡಿಕೆ ಮರದ ನೀರಿನ ಕಾಲುವೆ) ಇಟ್ಟು ಚಾವಡಿಗೆ ಕರೆದ ಹಾಗಾಯಿತು. ಅಮ್ಮ ಕೆಳಗಿನಿಂದ ಬೊಬ್ಬೆ ಹಾಕುತ್ತಿದ್ದರು. ತುದಿಯನ್ನು ಹೊರಗೆ ತಳ್ಳಿ ಕೆಳಗಿನ ಹೆಂಚಿನ ಮೇಲೆ ಕೂರಿಸಿದೆ. ನಿಂತಿತು. ಈಗ ಪಕ್ಕಾಸಿನಲ್ಲಿ ಉಳಿದ ನೀರು ಮಾತ್ರ ಒಂದೊಂದೇ ತೊಟ್ಟು ಬೀಳುತ್ತಿದೆ.

ಮುಳ್ಳೇರಿಯದಿಂದ
ತೊಟ್ಟು ಬೀಳುವಲ್ಲಿನ ಗಂಟಿಗೋ ಮೊಳೆಗೋ ಒಂದು ಹತ್ತಿಯ ನೂಲು ಕಟ್ಟಿ ಕೊಡಪಾನದೊಳಗೆ ಇಳಿಬಿಡಿ. ನೀರು ನೂಲಿನಲ್ಲೇ ಇಳಿಯುತ್ತದೆ. ಟಪ್ ಟಪ್ ಸದ್ದೂ ಇಲ್ಲ, ನೆಲಕ್ಕೆ ಎರಚುವುದೂ ಇಲ್ಲ. ಅಂಟಿನ ವಿಷಯದಲ್ಲಿ ಸೋತೆ, ಇದರಲ್ಲಾದರೂ ನನ್ನ ಮಾತು ಕೇಳಿ.

ಪೆರ್ಲದಿಂದ
ಕಟ್ಟಿದೆ, ಮಾವ. ಹಾಳೆ ಎಷ್ಟು ದಿನ ತಡೆಯುತ್ತದೆ? ಪೇಟೆಯಿಂದ ಯಾವ ಹೆಂಚು ತರಲಿ?

ಬಾಯಾರಿನಿಂದ
ಹಾಳೆ ಕೊಳೆಯುವ ವಸ್ತು, ಮಳೆಗಾಲ ಪೂರ್ತಿ ಅದರ ಮೇಲೆ ಭಾರ ಹಾಕಬೇಡಿ. ಮಳೆ ಹೊಳವಾದ ದಿನವೇ ಹೆಂಚು ಬದಲಿಸಿ. ಪೇಟೆಗೆ ಹೋಗುವಾಗ ಒಡೆದ ಎರಡೂ ತುಂಡುಗಳನ್ನು ಚೀಲದಲ್ಲಿ ಹಾಕಿಕೊಳ್ಳಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಂಪನಿಗಳು ಹುಟ್ಟಿದವು, ಅಚ್ಚು ಒಬ್ಬೊಬ್ಬರದು ಒಂದೊಂದು. ಬೇರೆ ಅಚ್ಚಿನ ಹೆಂಚು ನೋಡಲು ಒಂದೇ ತರಹ ಇದ್ದರೂ ಪಕ್ಕದ ಹೆಂಚಿನ ಕಾಲುವೆಯಲ್ಲಿ ಕೂರುವುದಿಲ್ಲ, ಆ ಸಂದಿಯಿಂದ ಮತ್ತೆ ಸೋರುತ್ತದೆ. ಬೆನ್ನಿನ ಮೇಲೆ ಕಂಪನಿಯ ಹೆಸರು ಇರುತ್ತದೆ, ಓದಿ ನೋಡಿ.

ಪೆರ್ಲದಿಂದ (10.05)
ಓದಿದೆ. ಇದೇ ಹೆಸರಿನ ಹೆಂಚು ನಮ್ಮ ಹಳೆಯ ಕೊಟ್ಟಿಗೆಯ ಮಾಡಿನಲ್ಲಿಯೂ ಇದೆ. ದನಗಳನ್ನು ಕೊಟ್ಟು ಮೂರು ವರ್ಷ ಆಯಿತು, ಅಲ್ಲಿಂದ ಒಂದನ್ನು ತೆಗೆದರೆ ಕೇಳುವವರಿಲ್ಲ. ಅಮ್ಮ ನೂಲಿನ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದಾರೆ.