ಅಟ್ಯಾಕ್ ಏರ್‌ಕ್ರಾಫ್ಟ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಿಂದ ಒಂದು ಪ್ರಶ್ನೆ.

ನಮ್ಮಣ್ಣನ ಮಗ ಎಚ್‌ಎಎಲ್‌ನ ಹಳೇ ಎಚ್‌ಎಫ್-24 ಮಾರುತ ವಿಮಾನದ ಥ್ರೀಡಿ ಮಾಡೆಲ್ ಅನ್ನು ಕಂಪ್ಯೂಟರಿನಲ್ಲಿ ಮಾಡಿದ್ದಾನೆ. ತಗಡಿನ ಸಂದುಗಳು, ಮೂತಿಯ ಎರಡೂ ಕಡೆ ಎರಡೆರಡು ಫಿರಂಗಿ ತೂತು, ಅದರ ಸುತ್ತ ಹಿಡಿದ ಮಸಿ, ಎಲ್ಲಾ ಇದೆ. ಬಟನ್ ಒತ್ತಿದರೆ ಮುಂಚಕ್ರದ ಹಿಂದೆ, ಹೊಟ್ಟೆಯೊಳಗಿಂದ ರಾಕೆಟ್ ಪೆಟ್ಟಿಗೆ ಕೆಳಗಿಳಿಯುತ್ತದೆ. 68 ಮಿ.ಮೀ.ನ 50 ರಾಕೆಟ್! ಕೂತು ಎಣಿಸಬಹುದು. ಇದಕ್ಕೆ ಕನ್ನಡದಲ್ಲಿ ವಿವರ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ.

ಸುಮ್ನೆ 'ಯುದ್ಧವಿಮಾನ' ಅಂತ ಬರೆದು ಕೈತೊಳೆದುಕೊಳ್ಳಬಹುದು. ಪೇಪರಿನವರು ಫೈಟರ್, ಬಾಂಬರ್ ಎಲ್ಲಕ್ಕೂ ಅದನ್ನೇ ಬರೆಯುತ್ತಾರೆ. ಆದರೆ ಮಾರುತದ ವಿಷಯದಲ್ಲಿ ಹಾಗೆ ಬರೆದರೆ ಕತೆಯೇ ಹೋಯಿತು. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಇದನ್ನು ರೂಪಿಸಿದ್ದು ಶಬ್ದದ ವೇಗ ಮೀರುವ ಫೈಟರ್, ಅಂದರೆ ಆಕಾಶದಲ್ಲೇ ಶತ್ರು ವಿಮಾನದ ಜೊತೆ ಕಾದಾಡುವಂಥದ್ದು, ಆಗಲಿ ಅಂತ. ಎಚ್‌ಎಫ್ ಅಂದರೇನೇ ಹಿಂದೂಸ್ತಾನ್ ಫೈಟರ್. 1961ರಲ್ಲಿ ಮೊದಲ ಸಲ ಹಾರಿತು. ತಕ್ಕ ಎಂಜಿನ್ ಮಾತ್ರ ಸಿಗಲೇ ಇಲ್ಲ. ಎರಡು ಆರ್ಫಿಯಸ್ ಎಂಜಿನ್ ಹಾಕಿದರೂ ತಾಕತ್ತು ಸಾಲಲಿಲ್ಲ. ಕೊನೆಗೆ ಇದರ ಪಾಲಿಗೆ ಬಂದದ್ದು ತಗ್ಗಿನಲ್ಲಿ ಹಾರಿ ನೆಲದ ಮೇಲಿನ ಗುರಿಗಳನ್ನು ಹೊಡೆಯುವ ಕೆಲಸ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಮಾಡಿದ್ದೂ ಅದನ್ನೇ. ಹೆಸರು ಫೈಟರ್, ದುಡಿದದ್ದು ಅಟ್ಯಾಕ್.

'ದಾಳಿ ವಿಮಾನ' ಅನ್ನೋಣವೇ? ನಮ್ಮೂರಲ್ಲಿ ದಾಳಿ ಅಂದರೆ ಜನಕ್ಕೆ ಮೊದಲು ನೆನಪಾಗೋದು ಐಟಿಯವರು. 'ಭೂದಾಳಿ' ಅಂದರೆ ಯಾರದೋ ಜಮೀನು ಒತ್ತುವರಿ ಆದ ಹಾಗೆ ಕೇಳುತ್ತದೆ. ಸದ್ಯಕ್ಕೆ ನನಗೆ ಒಪ್ಪಿಗೆಯಾಗಿರುವುದು 'ನೆಲದಾಳಿ ವಿಮಾನ'. ನೆಲದಿಂದ ಮಾಡುವ ದಾಳಿ ಅಂತಲೂ ಅರ್ಥ ಬರುತ್ತದಲ್ಲ ಅಂತ ಒಬ್ಬರು ತಕರಾರು ತೆಗೆದರು. ಹುಲಿಬೇಟೆ ಅಂದಾಗ ಹುಲಿ ಬೇಟೆಯಾಡಿತು ಅಂತ ಯಾರೂ ತಿಳಿಯೋದಿಲ್ಲ, ಅಲ್ವಾ? ಪಕ್ಕದಲ್ಲಿ 'ವಿಮಾನ' ಬೇರೆ ಇದೆ.

'ಮಾಡೆಲ್' ಅನ್ನೋ ಪದವನ್ನು ಹಾಗೇ ಬಿಟ್ಟಿದ್ದೇನೆ. 'ಮಾರುತ ಮಾದರಿ ವಿಮಾನ' ಅಂದರೆ ನಿಜವಾದ ವಿಮಾನವೇ ಆಗಿಬಿಡುತ್ತದೆ.

ಇನ್ನೊಂದು ಪದ ಹುಡುಗನೇ ಕೊಟ್ಟದ್ದು. ಬಣ್ಣ ಕೂರಿಸುವ ಮೊದಲು ಮಾಡೆಲ್‌ನ ಮೈಯನ್ನು ಅಲ್ಲಲ್ಲಿ ಬಿಡಿಸಿ, ಚಪ್ಪಟೆಯಾಗಿ ಹರಡಬೇಕಂತೆ. ಬಿಡಿಸುವ ಗೆರೆಗೆ ಸಾಫ್ಟ್‌ವೇರಿನಲ್ಲಿ ಸೀಮ್ ಅಂತಾರೆ. ಇವನು 'ಹೊಲಿಗೆ' ಅಂತಾನೆ. ಮನೆ ಪಕ್ಕದಲ್ಲೇ ಜೀನ್ಸ್ ಹೊಲಿಯುವವರಿದ್ದಾರೆ, ಕತ್ತರಿಸಿದ ಪ್ಯಾಂಟಿನ ತುಂಡುಗಳು ಮೇಜಿನ ಮೇಲೆ ಹರಡಿರೋದು ನೋಡುತ್ತಲೇ ಬೆಳೆದವನು. ತಗಡಿನ ಸಂದು ಕಾಣಬೇಕು, ಹೊಲಿಗೆ ಕಾಣಬಾರದು ಅನ್ನೋದು ಅವನ ಲೆಕ್ಕ. ಇದನ್ನು ನಾನು ಹಾಗೇ ಇಟ್ಟುಕೊಳ್ಳುತ್ತೇನೆ.

'ನೆಲದಾಳಿ'ಗಿಂತ ಒಳ್ಳೇದು ಹೊಳೆದರೆ ಹೇಳಿ. ವಾಯುಪಡೆಯಲ್ಲಿದ್ದ ಕನ್ನಡದವರು ತಮ್ಮತಮ್ಮಲ್ಲಿ ಮಾತಾಡುವಾಗ ಇಂಥ ವಿಮಾನಕ್ಕೆ ಏನಂತಿದ್ದರು ಅನ್ನೋದು ಗೊತ್ತಿದ್ದರೆ ಅದನ್ನೂ ತಿಳಿಸಿ.