ಲೇಸರ್ ಮೆಷಿನ್ ತಗೊಳ್ಳಲಾ, ವ್ಯಾಕ್ಸಿಂಗ್‌ನಲ್ಲೇ ಇರಲಾ? ಅನುಭವ ಇದ್ದವರು ಹೇಳಿ

ದಾವಣಗೆರೆ ಪಾರ್ಲರ್: ಒಂಬತ್ತು ವರ್ಷದಿಂದ ಪಾರ್ಲರ್ ಇದೆ. ಥ್ರೆಡ್ಡಿಂಗ್, ವ್ಯಾಕ್ಸಿಂಗೇ ಜಾಸ್ತಿ. ಗದ್ದದ ಕೂದಲಿಗೆ ಲೇಸರ್ ಮಾಡ್ತೀರಾ ಅಂತ ದಿನಾ ಯಾರಾದರೂ ಕೇಳುತ್ತಾರೆ. ಬಳಸಿದ ಡಯೋಡ್ ಲೇಸರ್ ಮೆಷಿನ್ ಒಂದು 3,20,000ಕ್ಕೆ ಸಿಗುತ್ತಿದೆ. ಆರು ಸಿಟ್ಟಿಂಗ್ ಆದರೆ ಕೂದಲೇ ಬರಲ್ಲ ಅಂತ ಮಾರುವವರು ಹೇಳುತ್ತಾರೆ. ನಿಜವಾ?

ಹುಬ್ಬಳ್ಳಿಯಿಂದ: 2021ರಲ್ಲಿ 4,10,000 ಕೊಟ್ಟು ತಗೊಂಡೆ. 3 ಲಕ್ಷ ಸಾಲ, ತಿಂಗಳಿಗೆ 10,250ರಂತೆ 36 ಕಂತು. ಮೊದಲ ಗಿರಾಕಿ ಒಬ್ಬ ಮದುಮಗಳು. ಮದುವೆಗೆ ಐದು ವಾರ ಇತ್ತು. 12,000ದ ಪ್ಯಾಕೇಜ್ ಕಟ್ಟಿದಳು, ಬೇಗ ಮುಗಿಸಿ ಅಂದಳು. ಹನ್ನೆರಡು ದಿನಕ್ಕೊಂದರಂತೆ ಮೂರು ಸಿಟ್ಟಿಂಗ್ ಕೊಟ್ಟೆ. ಅನಾಜೆನ್‌ನಲ್ಲಿರುವ, ಅಂದರೆ ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಲೇಸರ್ ನಾಟುತ್ತದೆ ಅಂತ ನನಗೆ ಗೊತ್ತಿತ್ತು. ಆದರೂ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಮೂರನೇ ಸಲ ಹ್ಯಾಂಡ್‌ಪೀಸ್ (ಲೇಸರ್ ಬಿಡುವ ಹಿಡಿ) ಹಿಡಿದಾಗ ಚರ್ಮ ನುಣ್ಣಗಿತ್ತು, ಸುಡಲು ಕೂದಲ ಬೇರೇ ಇಲ್ಲ. ಮದುವೆ ಮುಗಿಸಿ ಎರಡು ತಿಂಗಳಿಗೆ ಬಂದಳು. ದವಡೆಯ ಉದ್ದಕ್ಕೂ ಕಪ್ಪು ಚುಕ್ಕೆ ಚುಕ್ಕೆ, ಮಲಗಿದ್ದ ಕೂದಲೆಲ್ಲ ಎದ್ದಿದ್ದವು. ಅವಳ ಅತ್ತೆಯ ಎದುರೇ 8,000 ಎಣಿಸಿ ವಾಪಸ್ ಕೊಟ್ಟೆ. ಮರುವರ್ಷ ಹ್ಯಾಂಡ್‌ಪೀಸ್ ಹೋಯಿತು, 68,000. ಅದು ಎಷ್ಟು ಶಾಟ್ (ಲೇಸರ್ ಮಿಂಚು) ಹೊಡೆದಿದೆ ಅಂತ ಕೇಳದೆ ಹಳೆಯ ಮೆಷಿನ್ ಮುಟ್ಟಬೇಡಿ.

ಶಿವಮೊಗ್ಗ, 17 ವರ್ಷದ ಅನುಭವ: ನಾನು ವ್ಯಾಕ್ಸ್ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಪ್ರತಿ ಗಿರಾಕಿಗೂ ನೋಟ್‌ಬುಕ್‌ನಲ್ಲಿ ಒಂದು ಪುಟ ಇಟ್ಟಿದ್ದೇನೆ. ಬಂದ ತಾರೀಕು, ಕೈಯಾ ಕಾಲಾ, ಎಷ್ಟು ಉದ್ದ ಇತ್ತು, ಎಲ್ಲ ಬರೆಯುತ್ತೇನೆ. ಅಕ್ಕಿಕಾಳಿನಷ್ಟು ಬೆಳೆಯದಿದ್ದರೆ ಕೂರಿಸುವುದೇ ಇಲ್ಲ, ವಾಪಸ್ ಕಳಿಸುತ್ತೇನೆ. ಅಂಥದ್ದನ್ನು ಎಳೆದರೆ ಅರ್ಧಕ್ಕೆ ತುಂಡಾಗಿ ಚರ್ಮದೊಳಗೇ ಸುರುಳಿ ಸುತ್ತುತ್ತದೆ. ನಾಲ್ಕು ವಾರಕ್ಕೊಮ್ಮೆ ತಪ್ಪದೆ ಬಂದವರಿಗೆ ಒಂದು ವರ್ಷದಲ್ಲಿ ತೆಳುವಾಗಿದೆ. ಮಧ್ಯೆ ಶೇವ್ ಮಾಡಿದವರದ್ದೆಲ್ಲ ದಪ್ಪಗಾಯಿತು.

ಮೈಸೂರು, ಸ್ಕಿನ್ ಕ್ಲಿನಿಕ್‌ನಲ್ಲಿ ಕೆಲಸ: ಶೇವ್ ಮಾಡಿದರೆ ದಪ್ಪ ಆಗುವುದಿಲ್ಲ ಅಕ್ಕಾ. ಬ್ಲೇಡ್ ಬೇರನ್ನು ಮುಟ್ಟುವುದೇ ಇಲ್ಲ. ತುದಿ ಮೊಂಡಾಗಿರುತ್ತದೆ, ಅದಕ್ಕೆ ಕೈಗೆ ಒರಟು ಅನ್ನಿಸುತ್ತದೆ. ಲೇಸರ್ ನಡೆಯುವಾಗ ನಾವೇ ಶೇವ್ ಮಾಡಿಕೊಂಡು ಬನ್ನಿ ಅನ್ನುತ್ತೇವೆ. ವ್ಯಾಕ್ಸ್, ಥ್ರೆಡ್ಡಿಂಗ್ ಮಾತ್ರ ಬೇಡ, ಲೇಸರ್ ಸುಡಬೇಕಾದ ಕೂದಲ ಬೇರೇ ಕಿತ್ತು ಹೋಗುತ್ತದೆ. ಎರಡು ಸಿಟ್ಟಿಂಗ್ ಮಧ್ಯೆ ಮುಖಕ್ಕೆ 4ರಿಂದ 6 ವಾರ, ಕಾಲಿಗೆ ಇನ್ನೂ ಜಾಸ್ತಿ ಬಿಡಬೇಕು. ಹುಬ್ಬಳ್ಳಿಯವರೇ, ಕೋಪ ಮಾಡಿಕೊಳ್ಳಬೇಡಿ, ಡಾಕ್ಟರ್ ಇಲ್ಲದೆ ಗದ್ದಕ್ಕೆ ಲೇಸರ್ ಹಿಡಿದಿದ್ದೇ ತಪ್ಪು. ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ತೊಂದರೆ) ಇದೆಯಾ ಕೇಳಿದಿರಾ? ಹಾರ್ಮೋನ್ ಸರಿಯಿಲ್ಲದಿದ್ದರೆ ಹೊಸ ಕೂದಲು ಬರುತ್ತಲೇ ಇರುತ್ತದೆ. ನನಗೇ ಬೇರೊಂದು ಕಡೆ ಒಂಬತ್ತು ಸಿಟ್ಟಿಂಗ್ ಆಯಿತು, 31,500 ಹೋಯಿತು. ಕೆನ್ನೆಯ ಮೇಲೆ ಮೊದಲು ಇಲ್ಲದ ಸಣ್ಣ ಕೂದಲು ಬಂತು. ಲೇಸರ್ ಬಿದ್ದ ಜಾಗದ ಅಂಚಿನಲ್ಲಿ ಕೆಲವರಿಗೆ ಹಾಗಾಗುತ್ತದೆ. ಮೊದಲು ಯಾರೂ ಹೇಳಲಿಲ್ಲ.

ಹುಬ್ಬಳ್ಳಿಯಿಂದ: ನನಗೂ ತರಬೇತಿ ಆಗಿದೆ ರೀ. 18,000 ಕಟ್ಟಿ ಬೆಂಗಳೂರಿನಲ್ಲಿ ಐದು ದಿನ ಕಲಿತಿದ್ದೇನೆ. ಒಬ್ಬರಿಗೂ ಸುಟ್ಟಿಲ್ಲ. ನಿಮ್ಮ ಮುಖ ಕೆಡಿಸಿದ್ದು ನಾನಲ್ಲ.

ಮೈಸೂರು: ಐದು ದಿನದಲ್ಲಿ ನಮ್ಮ ಕಪ್ಪು ಚರ್ಮಕ್ಕೆ ಎಷ್ಟು ಶಕ್ತಿ ಇಡಬೇಕು ಅಂತ ಗೊತ್ತಾಗುತ್ತದಾ? ಸುಟ್ಟ ಕಲೆ ಹೊತ್ತು ಬರುವ ಹುಡುಗಿಯರನ್ನು ನಾನು ನೋಡುತ್ತೇನೆ, ನೀವು ನೋಡುವುದಿಲ್ಲ.

ತುಮಕೂರಿನಿಂದ: ಗದ್ದ ಬಿಡಿ, ತಲೆಕೂದಲಿನಿಂದ ನಾನು ಅನುಭವಿಸಿದ್ದು ಕೇಳಿ. ಹೆರಿಗೆಯಾಗಿ ಮೂರನೇ ತಿಂಗಳಿಗೆ ಒಬ್ಬರು ಸ್ಮೂದನಿಂಗ್ (ಕೆಮಿಕಲ್ ಹಚ್ಚಿ ಕೂದಲು ನೇರ ಮಾಡುವುದು) ಮಾಡಿಸಿಕೊಂಡರು, 5,500. ಹತ್ತೇ ದಿನಕ್ಕೆ ಪ್ಲಾಸ್ಟಿಕ್ ಕವರಿನಲ್ಲಿ ಕೂದಲು ತುಂಬಿಕೊಂಡು ಬಂದರು. ಅಂಗಡಿಯಲ್ಲಿ ಜನ ಇದ್ದರು, ಅಲ್ಲೇ ಬೈದರು. ಒಂದು ಕೂದಲು ಎತ್ತಿ ಬೆಳಕಿಗೆ ಹಿಡಿದೆ. ಬುಡದಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗುಂಡು. ಅದು ಟೆಲೋಜೆನ್ ಕೂದಲು, ಅಂದರೆ ಬೆಳವಣಿಗೆ ನಿಂತು ತಾನಾಗಿ ಉದುರಿದ್ದು. ಕೆಮಿಕಲ್‌ನಿಂದ ಆಗಿದ್ದರೆ ಮಧ್ಯದಲ್ಲಿ ಮುರಿಯುತ್ತಿತ್ತು, ಬುಡ ಇರುತ್ತಿರಲಿಲ್ಲ. ಗರ್ಭಿಣಿಯಾಗಿದ್ದಾಗ ಉದುರದೆ ನಿಂತದ್ದು ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಒಟ್ಟಿಗೇ ಉದುರುತ್ತದೆ. ಮಗು ಮುಖ ಗುರುತು ಹಿಡಿಯುವಾಗ ತಾಯಿ ಕೂದಲು ಹೋಗುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಗಿರಾಕಿ ಒಪ್ಪಲಿಲ್ಲ, ದುಡ್ಡು ವಾಪಸ್ ಕೊಟ್ಟೆ. ಈಗ ಹೆರಿಗೆ, ಆಪರೇಷನ್, ಜೋರು ಜ್ವರ ಆಗಿ ಆರು ತಿಂಗಳು ಆಗದಿದ್ದರೆ ಸ್ಮೂದನಿಂಗ್ ಮಾಡುವುದೇ ಇಲ್ಲ.

ಶಿವಮೊಗ್ಗ: ದುಡ್ಡು ಯಾಕೆ ಕೊಟ್ಟಿರಿ? ನೀವು ಹೀಗೆ ಕೊಡುವುದರಿಂದಲೇ ಎಲ್ಲರೂ ನಮ್ಮ ಹತ್ತಿರ ಕೇಳುತ್ತಾರೆ.

ತುಮಕೂರಿನಿಂದ: ಅಂಗಡಿ ತುಂಬ ಜನ ನಿಂತಿದ್ದರು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಶಿವಮೊಗ್ಗ: ನೋಟ್‌ಬುಕ್ ತೆಗೆದು ತೋರಿಸುತ್ತಿದ್ದೆ. ಮೈಸೂರಿನವರೇ, ಶೇವ್ ವಿಷಯ ನಾನು ಒಪ್ಪಿಲ್ಲ. 17 ವರ್ಷದಿಂದ ಕೈಯಾರೆ ನೋಡಿದ್ದೇನೆ.

ಮೈಸೂರು: ಕೈಗೆ ಒರಟು ಅನ್ನಿಸುತ್ತದೆ ಅಂತಲೇ ಅಲ್ವಾ ನಾನೂ ಹೇಳಿದ್ದು.

ದಾವಣಗೆರೆ ಪಾರ್ಲರ್: ಮಾರುವವರಿಗೆ ಈಗಷ್ಟೇ ಫೋನ್ ಮಾಡಿ, ಎಷ್ಟು ಶಾಟ್ ಆಗಿದೆ ಅಂತ ಕೇಳಿದೆ. ನೋಡಿ ಹೇಳುತ್ತೇನೆ ಅಂದರು. ಶಿವಮೊಗ್ಗದ ಅಕ್ಕಾ, ನಿಮ್ಮ ನೋಟ್‌ಬುಕ್‌ನ ಒಂದು ಪುಟದ ಫೋಟೋ ಹಾಕ್ತೀರಾ? ಹೆಸರು ಮುಚ್ಚಿ ಹಾಕಿ, ಸಾಕು.